ವೆನಿಸ್ಸಿನ ಸಿಂಹ ಮತ್ತು ನಮ್ಮ ಸಿಟ್ಟು



ಧರ್ಮಸಭೆಯನ್ನು ಕಟುವಾಗಿ ಚಿತ್ರಿಸುವ ಸಿನಿಮಾವೊಂದಕ್ಕೆ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಬಹುಮಾನ ಬಂತೆಂದು ತಿಳಿದ ಕೂಡಲೇ ನಮ್ಮಲ್ಲಿ ಏನು ನಡೆಯುತ್ತದೆಂಬುದು ನಿಮಗೆ ಗೊತ್ತೇ ಇದೆ. ಚಿತ್ರವನ್ನು ಯಾರೂ ನೋಡಿರುವುದಿಲ್ಲ; ಖಂಡನಾ ಪತ್ರ ಮಾತ್ರ ಸಿದ್ಧವಾಗಿರುತ್ತದೆ. ಹಿಂದೆ ಭಾನುವಾರದ ಬಲಿಪೂಜೆಯ ನಂತರ ಸಹಿ ಸಂಗ್ರಹಕ್ಕೆ ದೇವಾಲಯದ ಬಾಗಿಲಲ್ಲಿ ಒಂದು ಮೇಜು ಇರುತ್ತಿತ್ತು. ಈಗ ಆ ಕೆಲಸವನ್ನು ವಾಟ್ಸ್‌ಆಪ್ ಮಾಡುತ್ತದೆ. ಈ ಸಿಟ್ಟು ಭಕ್ತಿಯ ಲಕ್ಷಣವೆಂದು ಅನೇಕರು ನಂಬಿದ್ದಾರೆ. ನಾನು ನಂಬುವುದಿಲ್ಲ. ಏಕೆ ನಂಬುವುದಿಲ್ಲವೆಂಬುದನ್ನು ಒಂದೇ ಒಂದು ಚಿತ್ರವನ್ನು ಮುಂದಿಟ್ಟುಕೊಂಡು ಹೇಳಬಯಸುತ್ತೇನೆ.

ಜಗತ್ತಿನ ಚಲನಚಿತ್ರೋತ್ಸವಗಳಲ್ಲೆಲ್ಲ ಹಳೆಯದು ವೆನಿಸ್ ಉತ್ಸವ. 1932ರಲ್ಲಿ ಲಿಡೋ ದ್ವೀಪದಲ್ಲಿ ಆರಂಭವಾಯಿತು. ಅಲ್ಲಿ ಸ್ಪರ್ಧಿಸುವ ಚಿತ್ರಗಳಲ್ಲಿ ಅತ್ಯುತ್ತಮವಾದುದಕ್ಕೆ ಕೊಡುವ ಬಹುಮಾನದ ಹೆಸರು 'ಸ್ವರ್ಣ ಸಿಂಹ'. ಈ ಸಿಂಹ ಯಾರದೆಂದು ಬಲ್ಲಿರಾ? ವೆನಿಸ್ ನಗರದ ಪಾಲಕರಾದ, ಶುಭಸಂದೇಶಕರ್ತ ಸಂತ ಮಾರ್ಕರದು! 2002ರ ಸೆಪ್ಟೆಂಬರಿನಲ್ಲಿ, ಐವತ್ತೊಂಬತ್ತನೆಯ ಉತ್ಸವದಲ್ಲಿ, ಚೀನಾದ ನಟಿ ಗಾಂಗ್ ಲೀ ಅಧ್ಯಕ್ಷತೆಯ ತೀರ್ಪುಗಾರರ ಮಂಡಳಿ ಸಂತ ಮಾರ್ಕರ ಆ ಸಿಂಹವನ್ನು ಸ್ಕಾಟ್ಲೆಂಡಿನ ಪೀಟರ್ ಮುಲ್ಲನ್ ನಿರ್ದೇಶಿಸಿದ 'ದಿ ಮ್ಯಾಗ್ಡಲೀನ್ ಸಿಸ್ಟರ್ಸ್' ಚಿತ್ರಕ್ಕೆ ನೀಡಿತು. ವ್ಯಾಟಿಕನ್ನಿನ ದಿನಪತ್ರಿಕೆ 'ಲೊಸೆರ್ವತೋರೆ ರೊಮಾನೊ' ಅದನ್ನು ದ್ವೇಷದಿಂದ ಹುಟ್ಟಿದ ಪ್ರಚೋದನೆಯೆಂದು ಖಂಡಿಸಿತು.

ಚಿತ್ರದ ಕಥೆ 1964ರ ಐರ್ಲೆಂಡಿನದು. ಮದುವೆಯ ಮನೆಯೊಂದರಲ್ಲಿ ಗುರುಗಳೊಬ್ಬರು ಡೋಲು ಬಾರಿಸುತ್ತ ಹಾಡುತ್ತಿದ್ದಾರೆ. ಮಹಡಿಯ ಕೋಣೆಯಲ್ಲಿ ಮಾರ್ಗರೆಟ್ ಎಂಬ ಹುಡುಗಿಯ ಮೇಲೆ ಅವಳ ಬಂಧುವೇ ಅತ್ಯಾಚಾರವೆಸಗುತ್ತಾನೆ. ಅವಳು ಕೆಳಗಿಳಿದು ಬಂದು ಒಬ್ಬಳ ಕಿವಿಯಲ್ಲಿ ಹೇಳುತ್ತಾಳೆ. ಸುದ್ದಿ ಕಿವಿಯಿಂದ ಕಿವಿಗೆ ಸಾಗಿ ತಂದೆಯನ್ನು, ಅಲ್ಲಿಂದ ಗುರುಗಳನ್ನು ತಲುಪುತ್ತದೆ. ಸಂಗೀತದ ಅಬ್ಬರದಲ್ಲಿ ಒಂದು ಮಾತೂ ನಮಗೆ ಕೇಳಿಸುವುದಿಲ್ಲ; ಕಾಣುವುದು ತುಟಿಗಳು ಮತ್ತು ನೋಟಗಳು ಮಾತ್ರ. ಆ ನೋಟಗಳೆಲ್ಲ ನಿಧಾನವಾಗಿ ಅಪರಾಧಿಯಿಂದ ಹುಡುಗಿಯ ಕಡೆಗೆ ತಿರುಗುತ್ತವೆ. ಮರುದಿನ ಬೆಳಕು ಹರಿಯುವಾಗ ಅವಳನ್ನು ಕಾರಿನಲ್ಲಿ ಕರೆದೊಯ್ಯಲಾಗುತ್ತದೆ. ಮೂವತ್ತು ವರ್ಷಗಳ ಧರ್ಮಕೇಂದ್ರದ ಅನುಭವವಿರುವ ಯಾವ ಗುರುವಾದರೂ ಈ ದೃಶ್ಯದ ಮುಂದೆ ಕುಳಿತು, ಇಂತಹ ಪಿಸುಮಾತನ್ನು ನಾನೆಂದೂ ಕಂಡಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲರೇ?

ಕಾರು ಹೋಗುವುದು ಕನ್ಯಾಸ್ತ್ರೀಯರು ನಡೆಸುವ ಬಟ್ಟೆ ಒಗೆಯುವ ಆಶ್ರಮಕ್ಕೆ. ಪಶ್ಚಾತ್ತಾಪಿ ಮಗ್ದಲದ ಮರಿಯಳ ಹೆಸರಿನಲ್ಲಿ ಇಂತಹ ಆಶ್ರಮಗಳು ನಡೆಯುತ್ತಿದ್ದವು. (ಮರಿಯಳು ವೇಶ್ಯೆಯಾಗಿದ್ದಳೆಂದು ನಾಲ್ಕು ಶುಭಸಂದೇಶಗಳಲ್ಲಿ ಎಲ್ಲಿಯೂ ಬರೆದಿಲ್ಲವೆಂಬುದು ಬೇರೆ ಮಾತು. ಪುನರುತ್ಥಾನದ ಮೊದಲ ಸಾಕ್ಷಿಗೆ ನಾವು ಅಂಟಿಸಿದ ಕಳಂಕವದು.) ಅಲ್ಲಿ ಮಾರ್ಗರೆಟ್ ಜೊತೆಗೆ, ಮದುವೆಯಾಗದೆ ತಾಯಿಯಾದುದಕ್ಕೆ ಮಗುವನ್ನು ಕಳೆದುಕೊಂಡ ರೋಸ್ ಇದ್ದಾಳೆ. ಅನಾಥಾಲಯದ ಬೇಲಿಯಾಚೆಯ ಹುಡುಗರೊಂದಿಗೆ ನಗುತ್ತ ಮಾತನಾಡಿದ ಬರ್ನಡೆಟ್ ಇದ್ದಾಳೆ. ಸಂಬಳವಿಲ್ಲದ ದುಡಿಮೆ, ಬಿಡುಗಡೆಯ ದಿನವಿಲ್ಲದ ಸೆರೆ. ಆಶ್ರಮದ ಹಿರಿಯ ಕನ್ಯಾಸ್ತ್ರೀಗೆ ಸಿನಿಮಾ ಎಂದರೆ ಪ್ರಾಣ. ಒಂದು ಕ್ರಿಸ್ಮಸ್ ಹಬ್ಬಕ್ಕೆ ಹುಡುಗಿಯರಿಗೆಲ್ಲ 'ದಿ ಬೆಲ್ಸ್ ಆಫ್ ಸೇಂಟ್ ಮೇರೀಸ್' ಚಿತ್ರ ತೋರಿಸಲಾಗುತ್ತದೆ. ಪರದೆಯ ಮೇಲೆ ಕನ್ಯಾಸ್ತ್ರೀಯಾಗಿ ಇಂಗ್ರಿಡ್ ಬರ್ಗ್‌ಮನ್‌ಳ ನಿರ್ಮಲ ಮುಖ. ಅದನ್ನು ನೋಡುತ್ತ ಈ ಕನ್ಯಾಸ್ತ್ರೀ ಕಣ್ಣೀರಿಡುತ್ತಾಳೆ. ನಮ್ಮ ಸಂಘಟನೆಗಳು ಸಿನಿಮಾದಿಂದ ಬಯಸುವುದೂ ಇದನ್ನೇ ಅಲ್ಲವೇ? ನಮ್ಮನ್ನು ನೋಡಿ ನಾವೇ ಕರಗಿ ಹೋಗುವಂತಹ ಒಂದು ಚಿತ್ರ!

ಈಗ ಆಕ್ಷೇಪಗಳಿಗೆ ಬರೋಣ. ಇದು ಕ್ರೈಸ್ತ ವಿರೋಧಿಗಳ ಸಂಚು ಎಂಬುದು ಮೊದಲನೆಯದು. ಆ ವರ್ಷ ವೆನಿಸ್ಸಿನಲ್ಲಿ ಬೇರೆ ಯಾವ ಚಿತ್ರಗಳಿಗೆ ಬಹುಮಾನ ಬಂತೆಂದು ನೋಡಿ. ತೀರ್ಪುಗಾರರ ವಿಶೇಷ ಮಹಾ ಬಹುಮಾನ ಪಡೆದ ರಷ್ಯಾದ ಕೊಂಚಲೋವ್‌ಸ್ಕಿಯವರ ಚಿತ್ರ ಚೆಚೆನ್ಯಾ ಯುದ್ಧದ ನಡುವೆ ಕೈಬಿಡಲ್ಪಟ್ಟ ಮಾನಸಿಕ ಆಸ್ಪತ್ರೆಯೊಂದರ ರೋಗಿಗಳ ಕಥೆ. ನಿರ್ದೇಶನಕ್ಕಾಗಿ ಬಹುಮಾನ ಪಡೆದ ದಕ್ಷಿಣ ಕೊರಿಯಾದ ಲೀ ಚಾಂಗ್-ಡಾಂಗ್ ಅವರ 'ಓಯಸಿಸ್'ನಲ್ಲಿ, ಮಿದುಳಿನ ಪಾರ್ಶ್ವವಾಯುವಿನಿಂದ ಬಳಲುವ ಯುವತಿಯೊಬ್ಬಳನ್ನು ಒಡಹುಟ್ಟಿದವನೇ ಹಳೆಯ ಮನೆಯಲ್ಲಿ ಬಿಟ್ಟು, ಅವಳ ಹೆಸರಿನಲ್ಲಿ ಸಿಕ್ಕ ಒಳ್ಳೆಯ ಮನೆಯಲ್ಲಿ ತಾನು ಸಂಸಾರ ಹೂಡುತ್ತಾನೆ. ಮೂರು ದೇಶಗಳ ಮೂರು ಚಿತ್ರಗಳು. ಮೂರರಲ್ಲಿಯೂ ಸಮಾಜ ಬಾಗಿಲು ಹಾಕಿ ಮರೆತ ಮನುಷ್ಯರು. ಇದನ್ನು ಸಂಚೆನ್ನುವವರು ಶುಭಸಂದೇಶವನ್ನೂ ಸಂಚೆನ್ನಬೇಕಾದೀತು.

ಚಿತ್ರದಲ್ಲಿರುವುದು ಸುಳ್ಳು ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಉತ್ತರ ಕೊಡಬೇಕಾದುದು ಸಿನಿಮಾ ಅಲ್ಲ, ಮಣ್ಣು. 1993ರಲ್ಲಿ ಡಬ್ಲಿನ್ನಿನ ಇಂತಹ ಒಂದು ಆಶ್ರಮದ ಜಮೀನು ಮಾರಾಟವಾದಾಗ ಅಲ್ಲಿದ್ದ ಸಮಾಧಿಗಳನ್ನು ತೆರವುಗೊಳಿಸಲು 133 ದೇಹಗಳಿಗೆ ಅನುಮತಿ ಪಡೆಯಲಾಗಿತ್ತು. ಅಗೆದಾಗ ಇನ್ನೂ 22 ದೇಹಗಳು ಸಿಕ್ಕವು! ಸಹೋದರಿಯರು ಎಂದು ನಾವು ಕರೆಯಬೇಕಾಗಿದ್ದವರನ್ನು ಲೆಕ್ಕವೂ ಇಲ್ಲದಂತೆ ಹೂಳಲಾಗಿತ್ತು. ಐರ್ಲೆಂಡಿನ ಕೊನೆಯ ಆಶ್ರಮ ಮುಚ್ಚಿದ್ದು 1996ರಲ್ಲಿ. 2013ರ ಫೆಬ್ರವರಿಯಲ್ಲಿ ಸರ್ಕಾರಿ ಸಮಿತಿಯ ವರದಿ ಹೊರಬಂತು. 1922ರಿಂದೀಚೆಗೆ ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರು ಈ ಆಶ್ರಮಗಳನ್ನು ಹೊಕ್ಕಿದ್ದರು. ಯಾವ ದಾರಿಯಿಂದ ಬಂದರೆಂದು ತಿಳಿದಿರುವ ಪ್ರಕರಣಗಳಲ್ಲಿ ಕಾಲು ಭಾಗಕ್ಕೂ ಮಿಕ್ಕಿ ಸರ್ಕಾರದ ಕೈವಾಡವಿತ್ತು. ಅದೇ ತಿಂಗಳ 19ರಂದು ಪ್ರಧಾನಿ ಎಂಡಾ ಕೆನ್ನಿ ಸಂಸತ್ತಿನಲ್ಲಿ ಗದ್ಗದಿತರಾಗಿ ಕ್ಷಮೆ ಯಾಚಿಸಿದರು. ವೆನಿಸ್ಸಿನ ಬಹುಮಾನಕ್ಕೂ ಈ ಕ್ಷಮೆಗೂ ನಡುವೆ ಹತ್ತು ವರ್ಷಗಳಿಗೂ ಹೆಚ್ಚಿನ ಅಂತರ. ಪರಿಹಾರ ನಿಧಿಗೆ ಹಣ ನೀಡುವಂತೆ ಸರ್ಕಾರ ಕೇಳಿದಾಗ ಆಶ್ರಮಗಳನ್ನು ನಡೆಸಿದ ನಾಲ್ಕು ಸಭೆಗಳೂ ನಿರಾಕರಿಸಿದವು. ಈ ಸಾಲನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆದರೆ ಬರೆಯದಿದ್ದರೆ ಹೆಚ್ಚು ನಾಚಿಕೆ.

ಚಿತ್ರ ದೋಷರಹಿತವೆಂದು ನಾನು ವಾದಿಸುತ್ತಿಲ್ಲ. ಅದರಲ್ಲಿ ಒಬ್ಬಳಾದರೂ ಮನುಷ್ಯತ್ವವುಳ್ಳ ಕನ್ಯಾಸ್ತ್ರೀ ಇಲ್ಲವೆಂಬ ದೂರು ನ್ಯಾಯವಾದುದೇ. ಸಮಿತಿಯ ಮುಂದೆ ಮಾತನಾಡಿದ ಮಹಿಳೆಯರಲ್ಲಿ ಹೆಚ್ಚಿನವರು ತಾವು ಹೊಡೆತ ತಿಂದಿರಲಿಲ್ಲವೆಂದರೆಂದು ವರದಿ ದಾಖಲಿಸಿದೆ. ವರದಿಯೇ ಮೃದುವಾಯಿತೆಂದು ಸಂತ್ರಸ್ತರ ಪರವಾದ ಸಂಘಟನೆಗಳು ಟೀಕಿಸಿವೆ. ಆದರೆ ಆ ಮಹಿಳೆಯರು ಮತ್ತೆ ಮತ್ತೆ ಹೇಳಿದ ಸಂಗತಿ ಒಂದಿದೆ: ತಾವು ಏಕೆ ಅಲ್ಲಿದ್ದೇವೆಂದು ತಿಳಿಯಲಿಲ್ಲ, ಎಂದು ಹೊರಗೆ ಹೋಗುತ್ತೇವೆಂದು ತಿಳಿಯಲಿಲ್ಲ. ಹೊಡೆತಕ್ಕಿಂತ ಇದು ಕಡಿಮೆಯ ಹಿಂಸೆಯೇ? ಪ್ರವಾದಿ ನಾತಾನ ದಾವೀದ ಅರಸನ ಬಳಿಗೆ ಹೋಗಿ, ಬಡವನ ಒಂದೇ ಒಂದು ಕುರಿಮರಿಯನ್ನು ಧನಿಕ ಕಸಿದುಕೊಂಡ ಕಥೆಯನ್ನು ಹೇಳಿದನು. ಅದೂ ಕಟ್ಟಿದ ಕಥೆಯೇ. ಅಂತಹ ಕುರಿಮರಿ ಎಲ್ಲಿಯೂ ಇರಲಿಲ್ಲ. ದಾವೀದನು ಕುರಿಯ ಬಗೆಗೆ ತಕರಾರು ತೆಗೆಯಲಿಲ್ಲ, ಧನಿಕನ ಒಳ್ಳೆಯ ಗುಣಗಳನ್ನೂ ತೋರಿಸಬೇಕಿತ್ತು ಎನ್ನಲಿಲ್ಲ. ಕಥೆ ತನ್ನದೆಂದು ಅರಿತು ತಲೆ ತಗ್ಗಿಸಿದನು.

ಮೂರನೆಯ ಆಕ್ಷೇಪವನ್ನು ಮಾತ್ರ ನಾನು ಹಗುರವಾಗಿ ತೆಗೆದುಕೊಳ್ಳಲಾರೆ. "ಸ್ವಾಮಿ, ನಾವು ಇಲ್ಲಿ ಅಲ್ಪಸಂಖ್ಯಾತರು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲಿ ನಮ್ಮ ದೇವಾಲಯಗಳ ಮೇಲೆ, ಕನ್ಯಾಸ್ತ್ರೀಯರ ಆರಾಧನಾ ಮಠದ ಮೇಲೆ ನಡೆದ ದಾಳಿಯನ್ನು ಮರೆತಿರೇ? ಇಂತಹ ಚಿತ್ರಗಳು ವಿರೋಧಿಗಳ ಕೈಗೆ ಕೊಡುವ ಕಲ್ಲುಗಳಲ್ಲವೇ?" ಎಂದು ಕೇಳುವವರ ನೋವು ನಿಜವಾದುದು. ಆದರೆ ಅಂದು ಕಲ್ಲು ಎಸೆದವರು ಐರ್ಲೆಂಡಿನ ಚಿತ್ರ ನೋಡಿ ಬಂದವರಲ್ಲ. ಅವರಿಗೆ ಕಾರಣ ಬೇಕಿರಲಿಲ್ಲ. ನಾವು ಮೌನವಾಗಿದ್ದರೆ ಅವರ ಕೈಯಲ್ಲಿನ ಕಲ್ಲು ಒಂದೂ ಕಡಿಮೆಯಾಗುವುದಿಲ್ಲ. ನಮ್ಮ ಮನೆಯೊಳಗೆ ಅನ್ಯಾಯಕ್ಕೆ ಒಳಗಾದ ಹೆಣ್ಣುಮಗಳ ಬಾಯಿಗೆ ಮಾತ್ರ ಬೀಗ ಬೀಳುತ್ತದೆ. ಇನ್ನೂ ಮುಖ್ಯವಾದ ಪ್ರಶ್ನೆ: ಈ ಚಿತ್ರ ಧರ್ಮಸಭೆಯ ಮೇಲೆ ದಾಳಿ ಎನ್ನುತ್ತೇವಲ್ಲ, ಹಾಗಾದರೆ ಮಾರ್ಗರೆಟ್ ಯಾರು? ರೋಸ್ ಯಾರು? ಸ್ನಾನದೀಕ್ಷೆ ಪಡೆದು, ಪರಮಪ್ರಸಾದ ಸ್ವೀಕರಿಸಿ, ಜಪಸರ ಹಿಡಿದು ಬೆಳೆದ ಈ ಹುಡುಗಿಯರು ಧರ್ಮಸಭೆಯಲ್ಲವೇ? ಬಟ್ಟೆ ಒಗೆಸಿದವರು ಮಾತ್ರ ಧರ್ಮಸಭೆ, ಒಗೆದವರು ಹೊರಗಿನವರು ಎಂಬ ಲೆಕ್ಕಾಚಾರ ನಮ್ಮ ಸಿಟ್ಟಿನೊಳಗೆ ಅಡಗಿದೆ. ನನ್ನ ತಕರಾರು ಇರುವುದು ಇದರ ಜೊತೆಗೆ.

ಸಿಟ್ಟು ನಮ್ಮನ್ನು ಎಲ್ಲಿಗೆ ಕೊಂಡೊಯ್ದಿದೆಯೆಂಬುದಕ್ಕೆ ಇತಿಹಾಸವೂ ಇದೆ. 1961ರಲ್ಲಿ ಕಾನ್ ಉತ್ಸವದಲ್ಲಿ ಬುನ್ಯುಯೆಲ್ ಅವರ 'ವಿರಿದಿಯಾನಾ'ಕ್ಕೆ ಪರಮೋಚ್ಚ ಬಹುಮಾನ ಬಂದಾಗ ಇದೇ ವ್ಯಾಟಿಕನ್ ಪತ್ರಿಕೆ ಅದನ್ನು ದೈವದೂಷಣೆಯೆಂದಿತು. ಸ್ಪೇನಿನಲ್ಲಿ 1977ರವರೆಗೆ ಜನ ಅದನ್ನು ನೋಡಲಾಗಲಿಲ್ಲ. ಸಿನಿಮಾಕ್ಕೆ ನೂರು ವರ್ಷ ತುಂಬಿದ 1995ರಲ್ಲಿ ವ್ಯಾಟಿಕನ್ ಪ್ರಕಟಿಸಿದ 45 ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ ಅದೇ ಬುನ್ಯುಯೆಲ್ ಅವರ 'ನಜರೀನ್' ಇದೆ. ನಾಸ್ತಿಕ, ಕಮ್ಯುನಿಸ್ಟ್ ಎಂದು ಹೆಸರಾದ ಪಸೋಲಿನಿ 1964ರಲ್ಲಿ ಸಂತ ಮತ್ತಾಯರ ಶುಭಸಂದೇಶವನ್ನು ಚಿತ್ರವಾಗಿಸಿ ವೆನಿಸ್ಸಿಗೆ ತಂದರು. ಒಮ್ಮೆ ಅದೇ ನಗರದ ಧರ್ಮಾಧ್ಯಕ್ಷರಾಗಿದ್ದ ಜಗದ್ಗುರು ಇಪ್ಪತ್ಮೂರನೆಯ ಜಾನರ ನೆನಪಿಗೆ ಅದನ್ನು ಅರ್ಪಿಸಿದ್ದರು. ಅಂದು ನಮ್ಮದೇ ಕಥೋಲಿಕ ಚಲನಚಿತ್ರ ಸಂಘಟನೆ ಅದಕ್ಕೆ ಪ್ರಶಸ್ತಿ ಕೊಟ್ಟಿತು. ಕಣ್ಣು ತೆರೆದು ನೋಡಿದಾಗ ನಮಗೆ ತೀರ್ಪು ಕೊಡಲು ಬರುತ್ತದೆ! ಕಣ್ಣು ಮುಚ್ಚಿದಾಗ ಆಗುವುದು 2006ರಲ್ಲಿ ಆದದ್ದು: ಕಾನ್‌ನಲ್ಲಿ ಸ್ಪರ್ಧೆಗೂ ಇಲ್ಲದಿದ್ದ 'ದ ಡಾ ವಿಂಚಿ ಕೋಡ್' ಎಂಬ ಸಾಧಾರಣ ಸರಕಿಗೆ ನಮ್ಮ ಮೆರವಣಿಗೆಗಳು ಪುಕ್ಕಟೆ ಪ್ರಚಾರ ಕೊಟ್ಟವು, ಗೋವಾ, ತಮಿಳುನಾಡು, ಆಂಧ್ರ ಸರ್ಕಾರಗಳು ನಿಷೇಧ ಹೇರಿದವು.

ಇದೆಲ್ಲ ದೂರದ ಯೂರೋಪಿನ ಮಾತೆಂದು ಪುಟ ತಿರುವಬೇಡಿ. 2024ರಲ್ಲಿ ಅದೇ ವೆನಿಸ್ ಉತ್ಸವದ ಹಳೆಯ ಮೇರುಕೃತಿಗಳ ವಿಭಾಗದಲ್ಲಿ ನಮ್ಮ ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' ಹೊಸದಾಗಿ ಸಂಸ್ಕರಣಗೊಂಡು ಪ್ರದರ್ಶನಗೊಂಡಿತು. ಕನ್ನಡಿಗರಾಗಿ ನಾವೆಲ್ಲ ಹೆಮ್ಮೆಪಟ್ಟೆವು. ಅನಂತಮೂರ್ತಿಯವರ ಕಥೆಯನ್ನಾಧರಿಸಿದ 1977ರ ಆ ಚಿತ್ರದಲ್ಲಿ, ವೇದಪಾಠ ಹೇಳುವ ತಂದೆಯ ವಿಧವೆ ಮಗಳು ಯಮುನಕ್ಕ ಗರ್ಭಿಣಿಯಾಗುತ್ತಾಳೆ. ಅಗ್ರಹಾರದಲ್ಲಿ ಪಿಸುಮಾತು ಹಬ್ಬುತ್ತದೆ. ಕಾರಣನಾದ ಗಂಡಸು ಜಾರಿಕೊಳ್ಳುತ್ತಾನೆ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿ ಹೊರಗಟ್ಟುತ್ತಾನೆ. ಕೊನೆಯಲ್ಲಿ ಅವಳು ತಲೆ ಬೋಳಿಸಿಕೊಂಡು ಮರದ ಬುಡದಲ್ಲಿ ಒಂಟಿಯಾಗಿ ಕುಳಿತಿರುತ್ತಾಳೆ. ಐರ್ಲೆಂಡಿನ ಚಿತ್ರದಲ್ಲಿಯೂ ಬರ್ನಡೆಟ್‌ಳ ತಲೆಗೂದಲನ್ನು ರಕ್ತ ಬರುವಂತೆ ಕತ್ತರಿಸಲಾಗುತ್ತದೆ. ಯಮುನಕ್ಕನಿಗಾಗಿ ಮರುಗಿದ ನಾವು, ಆ ಚಿತ್ರ ಮಾಡಿದವರ ಧೈರ್ಯವನ್ನು ಕೊಂಡಾಡಿದೆವು. ಆ ಸಮುದಾಯ ತನ್ನ ಕನ್ನಡಿಯನ್ನು ತಾನೇ ನೋಡಿಕೊಳ್ಳಲಿ ಎಂದೆವು. ಬರ್ನಡೆಟ್‌ಳ ಸರದಿ ಬಂದಾಗ ಮಾತ್ರ ಕನ್ನಡಿಯನ್ನೇ ಒಡೆಯಲು ಹೊರಡುವುದು ಯಾವ ನ್ಯಾಯ?

ನಮ್ಮ ಧರ್ಮಕೇಂದ್ರಗಳಲ್ಲಿ ಬಟ್ಟೆ ಒಗೆಯುವ ಆಶ್ರಮಗಳಿಲ್ಲ, ಸರಿ. ಆದರೆ ಮದುವೆಯಾಗದೆ ಗರ್ಭಿಣಿಯಾದ ಹುಡುಗಿ ಊರು ಬಿಟ್ಟು ಹೋಗುವುದು, ಹುಡುಗ ಮುಂದಿನ ವರ್ಷ ಹಬ್ಬದ ಸಮಿತಿಯಲ್ಲಿ ಇರುವುದು ಎಲ್ಲಿಯೂ ನಡೆದಿಲ್ಲವೇ? ಅವಳ ಮಗುವಿನ ಸ್ನಾನದೀಕ್ಷೆಗೆ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಿಲ್ಲವೇ? ಉತ್ತರವನ್ನು ಈ ಪತ್ರಿಕೆಗೆ ಬರೆಯಬೇಕಿಲ್ಲ.

ಆದುದರಿಂದ ಗುರುಗಳಲ್ಲಿ, ಧರ್ಮಕೇಂದ್ರಗಳ ಪಾಲನಾ ಸಮಿತಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ತಪಸ್ಸುಕಾಲದಲ್ಲಿ ಒಂದು ಶನಿವಾರ ಸಂಜೆ ಸಭಾಂಗಣದಲ್ಲಿ ವಯಸ್ಕರಿಗಾಗಿ ಈ ಎರಡೂ ಚಿತ್ರಗಳನ್ನು ತೋರಿಸಿ. ಮೊದಲು 'ಘಟಶ್ರಾದ್ಧ', ಊಟದ ಬಿಡುವಿನ ನಂತರ 'ದಿ ಮ್ಯಾಗ್ಡಲೀನ್ ಸಿಸ್ಟರ್ಸ್'. ಇಂಗ್ಲಿಷ್ ಬಾರದವರಿಗೆ ಯಾರಾದರೂ ಯುವಕರು ನಡುನಡುವೆ ಕನ್ನಡದಲ್ಲಿ ಹೇಳಲಿ. ದೀಪ ಹಾಕಿದ ಮೇಲೆ ಮೈಕನ್ನು ಗುರುಗಳು ಹಿಡಿಯುವುದು ಬೇಡ, ಸಮಿತಿಯ ಹಿರಿಯರೂ ಬೇಡ. ಹಿಂದಿನ ಸಾಲುಗಳಲ್ಲಿ ಕುಳಿತಿರುವ ಹೆಣ್ಣುಮಕ್ಕಳ ಕಡೆಗೆ ಅದನ್ನು ಕಳುಹಿಸಿ, ಎಷ್ಟು ಹೊತ್ತಾದರೂ ಸರಿ, ಕಾಯಿರಿ.