ನಗೋದು ಬಿಟ್ಟರೆ ಅರ್ಧ ಇಂಗ್ಲಿಷ್ ಬಂದ ಹಾಗೆ

ಕನ್ನಡ ಸಂಘದ ಪತ್ರಿಕೆಯಲ್ಲಿ ಇಂಗ್ಲಿಷ್ ಮಾತಾಡೋದರ ಬಗ್ಗೆ ಲೇಖನವಾ ಅಂತ ನೀವು ಹುಬ್ಬೇರಿಸಬಹುದು. ನಮ್ಮ ಸಂಪಾದಕರ ಗುಂಪಿನಲ್ಲೇ ಈ ಪ್ರಶ್ನೆ ಬಂತು. ಎರಡು ದಿನ ಕ್ಯಾಂಟೀನ್‌ನಲ್ಲಿ ಕೂತು ವಾದ ಮಾಡಿ, ಕೊನೆಗೆ ಬರೆಯಲೇಬೇಕು ಅಂತ ತೀರ್ಮಾನ ಮಾಡಿದೆವು. ಅದಕ್ಕೆ ಕಾರಣ ಈ ಸಲದ ಪ್ಲೇಸ್‌ಮೆಂಟ್ ಸೀಸನ್.

ನಮ್ಮ ಹಾಸ್ಟೆಲಿನಲ್ಲಿ ಒಬ್ಬ ಗೆಳೆಯ ಇದ್ದಾನೆ. ಹತ್ತನೇ ಕ್ಲಾಸಿನವರೆಗೆ ಊರಿನ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಇಂಟರ್ನಲ್ಸ್ ಹಿಂದಿನ ರಾತ್ರಿ ಅರ್ಧ ಹಾಸ್ಟೆಲ್ ಅವನ ರೂಮಿನಲ್ಲೇ ಇರುತ್ತೆ. ಪಾಯಿಂಟರ್ ಅಂದ್ರೆ ಏನು, ಡೆಡ್‌ಲಾಕ್ ಯಾಕೆ ಆಗುತ್ತೆ ಅಂತ ಅವನು ಕನ್ನಡದಲ್ಲಿ ಬಿಡಿಸಿ ಹೇಳಿದ್ದಕ್ಕೇ ನಮ್ಮಲ್ಲಿ ಎಷ್ಟೋ ಜನ ಪಾಸಾಗಿದ್ದು. ಈ ಸಲ ಬಂದಿದ್ದ ಒಂದು ಕಂಪನಿಯ ಕೋಡಿಂಗ್ ರೌಂಡ್ ಅವನಿಗೆ ನೀರು ಕುಡಿದಷ್ಟು ಸಲೀಸಾಯ್ತು. ಆಮೇಲೆ ಇಂಟರ್‌ವ್ಯೂ. ನಿನ್ನ ಪ್ರಾಜೆಕ್ಟ್ ಬಗ್ಗೆ ಹೇಳು ಅಂತ ಇಂಗ್ಲಿಷಿನಲ್ಲಿ ಕೇಳಿದರು, ಅಷ್ಟೇ. ಹತ್ತು ನಿಮಿಷಕ್ಕೆ ಹೊರಗೆ ಬಂದ. "ಎಲ್ಲಾ ಗೊತ್ತಿತ್ತು ಕಣ್ರೋ, ಬಾಯಿಗೆ ಬರ್ಲಿಲ್ಲ" ಅಂದ.

ನಮಗೆ ಬೇಜಾರಾಯ್ತು. ಆದರೆ ಆ ರಾತ್ರಿ ಇನ್ನೊಂದು ವಿಷಯ ನೆನಪಾಗಿ ಬೇಜಾರಿಗಿಂತ ನಾಚಿಕೆಯೇ ಜಾಸ್ತಿ ಆಯ್ತು. ಎರಡನೇ ವರ್ಷದ ಸೆಮಿನಾರಿನಲ್ಲಿ ಅವನು 'ಓನ್ಲಿ' ಅನ್ನೋದನ್ನ 'ವೋನ್ಲಿ' ಅಂದಿದ್ದ. ಒಂದು ತಿಂಗಳು ಕಾರಿಡಾರ್ ತುಂಬಾ 'ವೋನ್ಲಿ ವೋನ್ಲಿ' ಅಂತ ಕೂಗಿಕೊಂಡು ತಿರುಗಿದವರು ನಾವೇ. ಆಗ ಅವನೂ ನಕ್ಕಿದ್ದ. ಆದರೆ ಅಲ್ಲಿಂದ ಮುಂದೆ ಯಾವ ಸೆಮಿನಾರಿನಲ್ಲೂ ಅವನು ಬಾಯಿ ತೆರೆಯಲಿಲ್ಲ. ಪಿಪಿಟಿ ಮಾಡೋದು ಅವನು, ಮುಂದೆ ನಿಂತು ಮಾತಾಡೋದು ಬೇರೆಯವರು. ಎರಡು ವರ್ಷ ಹೀಗೇ ನಡೀತು, ನಾವು ಯಾರೂ ಗಮನಿಸಲೇ ಇಲ್ಲ.

ಇದನ್ನ ಅವನಿಗೆ ಓದಿ ತೋರಿಸಿ, ಒಪ್ಪಿಗೆ ತಗೊಂಡೇ ಹಾಕ್ತಿದ್ದೀವಿ. ನಾವು ಹೇಳಬೇಕು ಅಂದುಕೊಂಡಿರೋದು ಇಷ್ಟು: ಮಾತು ಮಾತಾಡಿದರೇ ಬರೋದು. ಮೊದಮೊದಲು ತಪ್ಪು ಮಾತಾಡೋಕೆ ಒಂದು ಜಾಗ ಬೇಕು. ನಮ್ಮ ಕ್ಯಾಂಪಸ್ಸಿನಲ್ಲಿ ಆ ಜಾಗವನ್ನ ಕಿತ್ತುಕೊಂಡಿರೋದು ನಮ್ಮ ನಗು. ಅದನ್ನ ವಾಪಸ್ ಮಾಡಿಕೊಡೋ ಕೆಲಸ ಕನ್ನಡ ಸಂಘದ್ದೇ.

ಕಾಲೇಜು ಏನೂ ಮಾಡಿಲ್ಲ ಅಂತಲ್ಲ. ಮೊದಲ ವರ್ಷ ಕಮ್ಯುನಿಕೇಟಿವ್ ಇಂಗ್ಲಿಷ್ ಅಂತ ಒಂದು ಪೇಪರ್ ಇತ್ತು. ಕಮ್ಯುನಿಕೇಶನ್ ಅಂದ್ರೆ ಏನು, ಅದರಲ್ಲಿ ಎಷ್ಟು ವಿಧ ಅಂತ ಓದಿ, ಸರಿಯುತ್ತರಕ್ಕೆ ಗುರುತು ಹಾಕಿ, ಒಂದು ಮಾತೂ ಆಡದೆ ಪಾಸಾದೆವು. ಕೊನೇ ವರ್ಷ ಸಾಫ್ಟ್ ಸ್ಕಿಲ್ಸ್ ಟ್ರೈನಿಂಗ್. ಟೈ ಹೇಗೆ ಕಟ್ಟಬೇಕು, ಕೈ ಹೇಗೆ ಕುಲುಕಬೇಕು, 'ಮೈಸೆಲ್ಫ್' ಅಂತ ಶುರು ಮಾಡಬಾರದು. ಎಲ್ಲರೂ ಒಂದೇ ಸೆಲ್ಫ್ ಇಂಟ್ರೊಡಕ್ಷನ್ ಬಾಯಿಪಾಠ ಮಾಡಿದೆವು, ಎಲ್ಲರೂ 'ಹಾರ್ಡ್ ವರ್ಕಿಂಗ್', ಎಲ್ಲರೂ 'ಕ್ವಿಕ್ ಲರ್ನರ್'. ಪ್ರೋಗ್ರಾಮಿಂಗ್ ಕಲಿಯೋಕೆ ವಾರ ವಾರ ಲ್ಯಾಬ್ ಇದೆ. ಎರರ್ ಬಂದರೆ ಯಾರೂ ನಗಲ್ಲ, ಸರಿ ಮಾಡಿ ಮತ್ತೆ ರನ್ ಮಾಡ್ತೀವಿ. ಮಾತಿಗೆ ಮಾತ್ರ ಲ್ಯಾಬ್ ಇಲ್ಲ, ಸೀದಾ ಎಕ್ಸಾಮ್.

ಹಾಗಾದರೆ ಕೆಲಸದ ಜಾಗದಲ್ಲಿ ಬೇಕಾಗೋ ಇಂಗ್ಲಿಷ್ ಎಷ್ಟು? ಕೆಲಸಕ್ಕೆ ಸೇರಿದ ಸೀನಿಯರ್‌ಗಳನ್ನ ವಿಚಾರಿಸಿದಾಗ ನಮಗೆ ಆಶ್ಚರ್ಯ ಆಯ್ತು. ಭಾಷಣ ಬೇಡ, ಗ್ರೂಪ್ ಡಿಸ್ಕಷನ್‌ನ ಕಿರುಚಾಟವೂ ಬೇಡ. ಸಾಫ್ಟ್‌ವೇರ್ ಟೀಮುಗಳಲ್ಲಿ ಬೆಳಿಗ್ಗೆ ಸ್ಟ್ಯಾಂಡಪ್ ಅಂತ ಒಂದು ಸಣ್ಣ ಮೀಟಿಂಗ್ ಇರುತ್ತೆ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀಯ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀಯ, ಈ ಮೂರು ಮಾತು. ಅದರ ಮೇಲೆ ಅರ್ಥ ಆಗದೇ ಇದ್ದರೆ ಕೇಳೋದು, ಟೈಮ್ ಸಾಕಾಗಲ್ಲ ಅನ್ನೋದು, ತಪ್ಪಾಯ್ತು ಅಂತ ಒಪ್ಪಿಕೊಳ್ಳೋದು. ಇದಕ್ಕೆ ದೊಡ್ಡ ದೊಡ್ಡ ಪದ ಬೇಕಾಗಿಲ್ಲ. ಆದರೆ ನಾವು ಕನ್ನಡದವರು ಮೂರು ಕಡೆ ಎಡವ್ತೀವಿ. ಅದನ್ನ ತಿಳಕೊಂಡರೆ ಅಭ್ಯಾಸ ಸುಲಭ.

ಒಂದು, ಮಾತಿನ ಕ್ರಮ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತೆ, ವಿಷಯವನ್ನೂ ನಾವು ಹಾಗೇ ಕೊನೆಗೆ ಇಡ್ತೀವಿ. "ನಿನ್ನೆ ಸರ್ವರ್ ಸ್ಲೋ ಇತ್ತು, ಆಮೇಲೆ ನೋಡಿದ್ರೆ ಪಾಸ್‌ವರ್ಡ್ ಬದಲಾಗಿತ್ತು, ಯಾರನ್ನ ಕೇಳ್ಬೇಕು ಅಂತ ಗೊತ್ತಾಗ್ಲಿಲ್ಲ, ಅದಕ್ಕೆ ಟೆಸ್ಟಿಂಗ್ ಆಗ್ಲಿಲ್ಲ." ಮನೆಯಲ್ಲಿ ಹೀಗೆ ಹೇಳಿದರೆ ಕೊನೇವರೆಗೂ ಕೇಳಿಸಿಕೊಳ್ತಾರೆ. ಮೀಟಿಂಗಿನಲ್ಲಿ ಅಷ್ಟು ಹೊತ್ತು ಕಾಯಲ್ಲ. ನಾವೂ ಇಷ್ಟುದ್ದದ ವಾಕ್ಯವನ್ನ ತಲೆಯಲ್ಲೇ ಅನುವಾದ ಮಾಡೋಕೆ ಹೋಗಿ ಅರ್ಧದಲ್ಲಿ ನಿಂತುಬಿಡ್ತೀವಿ. ಮೊದಲು ಫಲಿತಾಂಶ, ಆಮೇಲೆ ಬೇಕಾಗಿರೋದು: 'ಟೆಸ್ಟಿಂಗ್ ಈಸ್ ನಾಟ್ ಡನ್. ಐ ನೀಡ್ ದಿ ನ್ಯೂ ಪಾಸ್‌ವರ್ಡ್.' ಎರಡು ವಾಕ್ಯ, ಕೆಲಸ ಮುಗೀತು. ಕಥೆ ಕೇಳಿದರೆ ಹೇಳೋಣ.

ಎರಡು, ಹೌದು ಮತ್ತು ಇಲ್ಲ. "ಇನ್ನೂ ಮುಗಿದಿಲ್ವಾ?" ಅಂತ ಯಾರಾದರೂ ಕೇಳಿದರೆ "ಹ್ಞೂಂ, ಮುಗಿದಿಲ್ಲ" ಅಂತೀವಿ. ನೀವು ಹೇಳಿದ್ದು ನಿಜ ಅನ್ನೋ ಅರ್ಥದಲ್ಲಿ. ಇಂಗ್ಲಿಷಿನಲ್ಲಿ ಅದೇ ಪ್ರಶ್ನೆಗೆ ಬರೀ 'ಯೆಸ್' ಅಂದರೆ ಕೆಲಸ ಮುಗಿದಿದೆ ಅಂತ ತಿಳಕೊಳ್ಳಬಹುದು. ಸಂಜೆ ಫಜೀತಿ ಆಗೋದು ಗ್ಯಾರಂಟಿ. ಇದಕ್ಕೆ ಉಪಾಯ ಸುಲಭ, ಯೆಸ್-ನೋ ಮೇಲೆ ನಿಲ್ಲದೆ ಪೂರ್ತಿ ವಾಕ್ಯ ಹೇಳಿಬಿಡೋದು: 'ಇಟ್ ಈಸ್ ನಾಟ್ ಡನ್ ಯೆಟ್.'

ಮೂರು, ಮರ್ಯಾದೆ. ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಬಾಲದಲ್ಲೇ ಇರುತ್ತೆ. 'ಕಳಿಸು' ಬೇರೆ, 'ಕಳಿಸಿ' ಬೇರೆ. ಅದಕ್ಕೇ ಮಾತಿನಲ್ಲಿ 'ದಯವಿಟ್ಟು' ಅನ್ನೋದು ಕಡಿಮೆ. ಆದರೆ 'ಫೈಲ್ ಕಳಿಸಿ' ಅನ್ನೋದನ್ನ 'ಸೆಂಡ್ ದಿ ಫೈಲ್' ಅಂತ ಮಾಡಿದಾಗ ಬಾಲ ಕಟ್ ಆಗಿ ಆರ್ಡರ್ ಮಾಡಿದ ಹಾಗೆ ಕೇಳುತ್ತೆ. ಕೇಳಿದವರು ಇವನಿಗೆಷ್ಟು ಸೊಕ್ಕು ಅಂದುಕೊಳ್ತಾರೆ, ನಮಗೆ ಗೊತ್ತೇ ಆಗಲ್ಲ. 'ಕುಡ್ ಯು ಸೆಂಡ್ ಮಿ ದಿ ಫೈಲ್?' ಅಂದಾಗ ಆ 'ಕಳಿಸಿ' ವಾಪಸ್ ಬರುತ್ತೆ.

ಉಚ್ಚಾರಣೆ? ಅಮೆರಿಕದವರ ಹಾಗೆ ನಾಲಿಗೆ ತಿರುಗಿಸೋ ಅವಶ್ಯಕತೆ ಇಲ್ಲ. ನಿಧಾನವಾಗಿ, ಬಾಯಿ ಬಿಟ್ಟು, ವಾಕ್ಯದ ಕೊನೆಯನ್ನ ನುಂಗದೆ ಮಾತಾಡಿದರೆ ಸಾಕು. 'ವೋನ್ಲಿ' ಅಂದರೂ ಅರ್ಥ ಆಗುತ್ತೆ. ಸುಮ್ಮನಿದ್ದರೆ ಮಾತ್ರ ಯಾರಿಗೂ ಏನೂ ಅರ್ಥ ಆಗಲ್ಲ.

ಈಗ ಕೆಲವರು ಕೇಳ್ತಾರೆ, ಕರ್ನಾಟಕದಲ್ಲಿ ಕೆಲಸ ಮಾಡೋಕೆ ಕನ್ನಡದವರು ಇಂಗ್ಲಿಷ್ ಪರೀಕ್ಷೆ ಯಾಕೆ ಪಾಸಾಗಬೇಕು ಅಂತ. ನ್ಯಾಯವಾದ ಪ್ರಶ್ನೆ. ತಾಂತ್ರಿಕ ಶಿಕ್ಷಣ ಕನ್ನಡದಲ್ಲಿ ಬರಬೇಕು, ಇಲ್ಲಿನ ಕಂಪನಿಗಳಲ್ಲಿ ಕನ್ನಡಕ್ಕೆ ಜಾಗ ಇರಬೇಕು ಅಂತ ಈ ಪತ್ರಿಕೆಯಲ್ಲೇ ಬರೆದಿದ್ದೀವಿ, ಮುಂದೆಯೂ ಬರೀತೀವಿ. ಆದರೆ ಅದು ಆಗೋವರೆಗೆ ನಮ್ಮ ಗೆಳೆಯ ಕಾಯೋಕಾಗಲ್ಲ, ಮುಂದಿನ ತಿಂಗಳು ಅವನಿಗೆ ಇನ್ನೊಂದು ಇಂಟರ್‌ವ್ಯೂ ಇದೆ. ಸಿವಿಲ್‌ನವರನ್ನ ಕೇಳಿ ನೋಡಿ. ಸೈಟಿನಲ್ಲಿ ಮೇಸ್ತ್ರಿ ಹತ್ರ ಕನ್ನಡ ಬೇಕು, ಕ್ಲೈಂಟ್ ಹತ್ರ ಇಂಗ್ಲಿಷ್ ಬೇಕು, ಒಂದೇ ದಿನ ಎರಡೂ ಬೇಕು.

ಇಂಗ್ಲಿಷ್ ಕಲಿತರೆ ಕನ್ನಡ ಕಡಿಮೆ ಆಗುತ್ತೆ ಅನ್ನೋದನ್ನೂ ನಾವು ಒಪ್ಪಲ್ಲ. ಬಿಎಂಶ್ರೀ, ವಿ.ಕೃ. ಗೋಕಾಕ್, ಗೋಪಾಲಕೃಷ್ಣ ಅಡಿಗ, ಅನಂತಮೂರ್ತಿ, ಲಂಕೇಶ್ ಎಲ್ಲರೂ ಇಂಗ್ಲಿಷ್ ಮೇಷ್ಟ್ರುಗಳು. ಕ್ಲಾಸಿನಲ್ಲಿ ಇಂಗ್ಲಿಷ್ ಪಾಠ ಮಾಡಿ ಕನ್ನಡ ಸಾಹಿತ್ಯವನ್ನೇ ಬದಲಿಸಿದವರು. ನಮ್ಮ ಜಾತಿಯವರೇ, ಅಂದ್ರೆ ಇಂಜಿನಿಯರ್ ಜಾತಿಯವರೇ ಬೇಕು ಅಂದರೆ ಸರ್ ಎಂ. ವಿಶ್ವೇಶ್ವರಯ್ಯನವರಿದ್ದಾರೆ. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದಾಗ ಬೆನ್ನಿಗೆ ನಿಂತ ದಿವಾನರು ಅವರು. 1934ರಲ್ಲಿ 'ಪ್ಲಾನ್ಡ್ ಎಕಾನಮಿ ಫಾರ್ ಇಂಡಿಯಾ' ಅಂತ ಇಂಗ್ಲಿಷಿನಲ್ಲಿ ಪುಸ್ತಕ ಬರೆದವರೂ ಅವರೇ.

ಅದಕ್ಕೆ ಎರಡು ವಾರದಿಂದ ಒಂದು ಕೆಲಸ ಶುರು ಮಾಡಿದ್ದೀವಿ. ಮಂಗಳವಾರ, ಗುರುವಾರ ಸಂಜೆ ಐದೂವರೆಗೆ, ಕನ್ನಡ ಸಂಘದ ರೂಮಿನಲ್ಲಿ, ಅರ್ಧ ಗಂಟೆ. ಇಬ್ಬಿಬ್ಬರು ಜೋಡಿ. ಮಾತಾಡೋ ವಿಷಯ ನಮ್ಮದೇ ಪ್ರಾಜೆಕ್ಟ್, ಲ್ಯಾಬ್, ಇಂಟರ್ನ್‌ಶಿಪ್. ಜಾಗತೀಕರಣದ ಸಾಧಕ-ಬಾಧಕ ಎಲ್ಲಾ ಇಲ್ಲ. ಮೊದಲು ಕನ್ನಡದಲ್ಲಿ ಮೂರು ವಾಕ್ಯದಲ್ಲಿ ಹೇಳಬೇಕು. ಕನ್ನಡದಲ್ಲೇ ಸ್ಪಷ್ಟವಾಗದೇ ಇದ್ದರೆ ತೊಂದರೆ ಇಂಗ್ಲಿಷಿನದ್ದಲ್ಲ ಅಂತ ಅಲ್ಲೇ ಗೊತ್ತಾಗಿಬಿಡುತ್ತೆ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ. ಮಧ್ಯೆ ಯಾರೂ ತಿದ್ದೋ ಹಾಗಿಲ್ಲ. ಮುಗಿದ ಮೇಲೆ ಒಂದೇ ಒಂದು ತಪ್ಪು ಹೇಳಬೇಕು, ಅವರು ಅದೇ ಮಾತನ್ನ ಇನ್ನೊಂದು ಸಲ ಹೇಳಬೇಕು. ಇಷ್ಟ ಇದ್ದವರು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ರಾತ್ರಿ ಕೇಳಬಹುದು. ಮೊದಲ ಸಲ ನಮ್ಮ ದನಿ ನಮಗೇ ಕೇಳೋಕಾಗಲ್ಲ, ಮೂರನೇ ಸಲಕ್ಕೆ ಅಭ್ಯಾಸ ಆಗುತ್ತೆ. ನಕ್ಕವರು ಎಲ್ಲರಿಗೂ ಟೀ ಕೊಡಿಸಬೇಕು, ಇದು ಪಕ್ಕಾ ರೂಲು.

ಹೊರ ರಾಜ್ಯದ ಇಬ್ಬರು ಗೆಳೆಯರೂ ಬರ್ತಿದ್ದಾರೆ. ಅರ್ಧ ಗಂಟೆ ನಮ್ಮ ಇಂಗ್ಲಿಷಿಗೆ ಕಿವಿ ಕೊಟ್ಟಿದ್ದಕ್ಕೆ ಹದಿನೈದು ನಿಮಿಷ ನಾವು ಅವರ ಕನ್ನಡಕ್ಕೆ ಕಿವಿ ಕೊಡಬೇಕು. 'ಹಾಲು', 'ಹಳ್ಳಿ' ಹೇಳೋಕೆ ಅವರು ಪಡೋ ಕಷ್ಟ ನೋಡಿದ ಮೇಲೆ 'ವೋನ್ಲಿ' ಬಗ್ಗೆ ನಗೋ ಮುಖ ನಮಗೂ ಉಳಿದಿಲ್ಲ.

ಗೆಳೆಯ ಮೊದಲ ದಿನ ಬಾಗಿಲ ಹತ್ರ ಕೂತಿದ್ದ, ಬೇಕಾದರೆ ಎದ್ದು ಹೋಗೋಣ ಅಂತ. ಮೂರನೇ ಸಲ ಎದ್ದು ನಿಂತು ತನ್ನ ಪ್ರಾಜೆಕ್ಟ್ ಬಗ್ಗೆ ನಾಲ್ಕು ನಿಮಿಷ ಮಾತಾಡಿದ. ಎರಡು ಕಡೆ ನಿಂತ, ಮತ್ತೆ ಮುಂದುವರಿಸಿದ. ಒಂದು ಸಲ 'ವೋನ್ಲಿ' ಅಂದ. ರೂಮು ಗಪ್‌ಚುಪ್. ಕೊನೆಗೆ ತಡೆಯೋಕಾಗದೆ ಅವನೇ ನಕ್ಕ. ರೂಲು ಅಂದ್ರೆ ರೂಲು, ಆವತ್ತಿನ ಟೀ ಅವನದ್ದೇ.

ಈ ಗುರುವಾರವೂ ಇದೆ. ಮೊದಲ ವರ್ಷದವರು ಮುಖ್ಯವಾಗಿ ಬನ್ನಿ, ನಮ್ಮ ಹಾಗೆ ಕೊನೇ ವರ್ಷದವರೆಗೆ ಕಾಯಬೇಡಿ.