ಕರೆ ಜೋಡಿಸಿ, ಪಕ್ಕಕ್ಕೆ ಸರಿಯಿರಿ

ಶುಕ್ರವಾರ ರುಸೈಲ್‌ನಲ್ಲಿ ಬೆಳಿಗ್ಗೆ ಒಂಬತ್ತು ಗಂಟೆ ಎಂದರೆ ಮೈಸೂರಿನಲ್ಲಿ ಹತ್ತೂವರೆ. ಅಮ್ಮನ ಪೂಜೆ, ತಿಂಡಿ ಮುಗಿದಿರುತ್ತದೆ, ಮಧ್ಯಾಹ್ನದ ಅಡುಗೆ ಇನ್ನೂ ಶುರುವಾಗಿರುವುದಿಲ್ಲ. ನಮ್ಮ ವಾರದ ಕರೆ ಆ ಹೊತ್ತಿಗೆ. ಅಮ್ಮನಿಗೆ ಮೊಬೈಲಿನಲ್ಲಿ ಮಾತು ಸರಿಯಾಗಿ ಕೇಳಿಸುವುದಿಲ್ಲ, ಆದ್ದರಿಂದ ಈಗಲೂ ಹಜಾರದ ಲ್ಯಾಂಡ್‌ಲೈನಿಗೇ ಫೋನ್ ಮಾಡುತ್ತೇವೆ.

ಕರೆ ನಡೆಯುತ್ತಿದ್ದ ರೀತಿ ಹೀಗೆ. ಸ್ಪೀಕರ್ ಹಾಕಿ, ಎಂಟು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದೆ. ಅಮ್ಮ "ಏನ್ ಪುಟ್ಟಿ, ತಿಂಡಿ ಆಯ್ತಾ?" ಎಂದು ಕೇಳುತ್ತಿದ್ದರು. ಮಗಳು ನನ್ನ ಮುಖ ನೋಡುತ್ತಿದ್ದಳು. ನಾನು ಅದನ್ನೇ ಇಂಗ್ಲಿಷಿನಲ್ಲಿ ಕೇಳಿ, ಅವಳ ಇಂಗ್ಲಿಷ್ ಉತ್ತರವನ್ನು ಕನ್ನಡಕ್ಕೆ ತಿರುಗಿಸಿ, ಒಂದಿಷ್ಟು ಸಕ್ಕರೆ ಬೆರೆಸಿ ಅಮ್ಮನಿಗೆ ದಾಟಿಸುತ್ತಿದ್ದೆ. ಇಪ್ಪತ್ತು ನಿಮಿಷ ಸರಾಗವಾಗಿ ಕಳೆಯುತ್ತಿತ್ತು. ಅಜ್ಜಿ ಮೊಮ್ಮಗಳು ಚೆನ್ನಾಗಿ ಮಾತಾಡಿಕೊಂಡರು ಎಂದುಕೊಂಡು ಫೋನ್ ಇಡುತ್ತಿದ್ದೆ.

ಒಂದು ದಿನ ಮಗಳು ಎದ್ದುಹೋದ ಮೇಲೆ ಅಮ್ಮ ದನಿ ತಗ್ಗಿಸಿ ಕೇಳಿದರು: "ಮಗು ಯಾಕೆ ನನ್ ಜೊತೆ ಮಾತೇ ಆಡಲ್ಲ? ನನ್ ಮೇಲೆ ಬೇಜಾರಾ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಇಪ್ಪತ್ತು ನಿಮಿಷ ಮಾತಾಡಿದವಳು ಯಾರು ಹಾಗಾದರೆ? ಯೋಚಿಸಿದರೆ, ನಾನೇ.

ಈ ಅಂಕಣದಲ್ಲಿ ತಂತ್ರಜ್ಞಾನದ ಮಾತು ಬಂದಾಗ ಅದು ಮನೆಯ ಮಾತೂ ಆಗಿರಲಿ ಎಂದು ಪ್ರಯತ್ನಿಸುತ್ತೇನೆ. ಈ ಸಲ ತಿರುಗುಮುರುಗು. ಮನೆಯ ಒಂದು ತೊಡಕು ನನ್ನನ್ನು ಹಳೆಯ ತಂತ್ರಜ್ಞಾನವೊಂದರ ಕಡೆಗೆ ಕರೆದುಕೊಂಡು ಹೋಯಿತು.

ವಿಂಡೋಸ್ 95 ಬಳಸಿದವರಿಗೆ ಅದರ ಮೂಲೆಯಲ್ಲಿದ್ದ 'ಫೋನ್ ಡಯಲರ್' ಎಂಬ ಪುಟ್ಟ ಕಿಟಕಿ ನೆನಪಿರಬಹುದು. ಫೋನಿನ ಹಾಗೆಯೇ ಅಂಕಿಗಳ ಗುಂಡಿಗಳು. ಪರದೆಯ ಮೇಲೆ ನಂಬರ್ ಒತ್ತಿದರೆ ಮೋಡೆಮ್ ಆ ನಂಬರಿಗೆ ಡಯಲ್ ಮಾಡುತ್ತಿತ್ತು. ಅದರ ಬೆನ್ನಿಗಿದ್ದದ್ದು ಟಿಎಪಿಐ, ಅಂದರೆ ಟೆಲಿಫೋನಿ ಎಪಿಐ. ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಕಂಪನಿಗಳು ಸೇರಿ 1993ರಲ್ಲಿ ಇದನ್ನು ಹೊರತಂದವು.

ಎಪಿಐ ಎಂದರೆ ಒಂದು ಕರಾರು ಅಷ್ಟೆ. ಒಬ್ಬರಿಗೊಬ್ಬರು ಪರಿಚಯವಿಲ್ಲದ ಎರಡು ಯಂತ್ರಾಂಶಗಳೋ ತಂತ್ರಾಂಶಗಳೋ "ನೀನು ಹೀಗೆ ಕೇಳು, ನಾನು ಹೀಗೆ ಕೊಡುತ್ತೇನೆ" ಎಂದು ಒಪ್ಪಿಕೊಳ್ಳುವುದು. ಅದಿಲ್ಲದಿದ್ದರೆ ಪ್ರತಿ ಬಗೆಯ ಫೋನ್, ಮೋಡೆಮ್, ಎಕ್ಸ್‌ಚೇಂಜ್‌ಗೂ ಪ್ರೋಗ್ರಾಮಿನೊಳಗೆ ಬೇರೆ ಬೇರೆ ಭಾಷೆ ಬರೆಯಬೇಕಿತ್ತು. ಟಿಎಪಿಐ ಬಂದ ಮೇಲೆ ಪ್ರೋಗ್ರಾಮು "ಈ ನಂಬರಿಗೆ ಕರೆ ಮಾಡು" ಎಂದರೆ ಸಾಕಾಯಿತು. ಆ ಮಾತನ್ನು ತಮ್ಮ ಯಂತ್ರಕ್ಕೆ ಅರ್ಥವಾಗುವಂತೆ ತಿರುಗಿಸುವ ಭಾಗವನ್ನು ಫೋನ್ ಉಪಕರಣ ತಯಾರಿಸುವವರು ಒದಗಿಸುತ್ತಿದ್ದರು.

ಇದರಲ್ಲಿ ಎರಡು ವಿಷಯ ನನಗೆ ಬಹಳ ಇಷ್ಟ.

ಮೊದಲನೆಯದು ನಂಬರನ್ನು ಬರೆದಿಡುವ ರೀತಿ. ಅಮ್ಮನ ಲ್ಯಾಂಡ್‌ಲೈನನ್ನೇ ನೋಡಿ. ಮೈಸೂರಿನೊಳಗಿನಿಂದಾದರೆ ಏಳು ಅಂಕಿ ಸಾಕು. ಬೆಂಗಳೂರಿನ ಲ್ಯಾಂಡ್‌ಲೈನಿನಿಂದಾದರೆ ಮುಂದೆ 0821 ಸೇರಿಸಬೇಕು. ಇಲ್ಲಿ ಒಮಾನಿನಿಂದಾದರೆ 00, ಆಮೇಲೆ 91, ಆಮೇಲೆ 821. ಆ ಸೊನ್ನೆ ದೇಶದೊಳಗಿನ ಬಾಗಿಲು ಮಾತ್ರ, ಗಡಿ ದಾಟಿದ ಮೇಲೆ ಬೇಕಿಲ್ಲ. ಟಿಎಪಿಐ ಮಾಡಿದ್ದೇನೆಂದರೆ, ನಂಬರನ್ನು +91 (821) ಎಂದು ಪೂರ್ತಿಯಾಗಿ ಒಂದೇ ರೂಪದಲ್ಲಿ ಇಟ್ಟುಕೊಂಡಿತು. ನೀವು ಯಾವ ಊರಿನಿಂದ ಕರೆ ಮಾಡುತ್ತಿದ್ದೀರಿ ಎಂದು ಒಮ್ಮೆ ಹೇಳಿದರೆ ಏನು ಸೇರಿಸಬೇಕು, ಏನು ಬಿಡಬೇಕು ಎಂಬುದನ್ನು ತಾನೇ ಲೆಕ್ಕ ಹಾಕಿತು. ಲ್ಯಾಪ್‌ಟಾಪ್ ಹಿಡಿದು ಊರೂರು ತಿರುಗುವವರಿಗೆ ಇದು ದೊಡ್ಡ ಅನುಕೂಲ.

ಎರಡನೆಯದು ಇನ್ನೂ ಮುಖ್ಯ. ಕರೆ ಜೋಡಿಸುವುದು ಬೇರೆ, ಮಾತು ಸಾಗಿಸುವುದು ಬೇರೆ. ಫೋನ್ ಡಯಲರ್‌ನಲ್ಲಿ ನಂಬರ್ ಒತ್ತಿದ ಮೇಲೆ ನೀವು ಪಕ್ಕದ ಫೋನಿನ ರಿಸೀವರ್ ಎತ್ತಿಕೊಳ್ಳಬೇಕಿತ್ತು. ಆಮೇಲೆ ಮೋಡೆಮ್ ಹಿಂದೆ ಸರಿಯುತ್ತಿತ್ತು, ಮಾತೆಲ್ಲ ಫೋನಿನ ತಂತಿಯಲ್ಲೇ. ಅದೇ ಕಾಲದಲ್ಲಿ ನೊವೆಲ್ ಮತ್ತು ಎಟಿ ಅಂಡ್ ಟಿ ಸೇರಿ ರೂಪಿಸಿದ ಟಿಎಸ್‌ಎಪಿಐ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಕಚೇರಿಗೆಲ್ಲ ಒಂದೇ ಸರ್ವರ್, ಅದಕ್ಕೂ ಕಚೇರಿಯ ಎಕ್ಸ್‌ಚೇಂಜಿಗೂ ಸಂಪರ್ಕ. ಯಾವ ಕರೆ ಯಾವ ಮೇಜಿಗೆ ಹೋಗಬೇಕು ಎಂದು ತೀರ್ಮಾನಿಸುತ್ತಿದ್ದದ್ದು ಆ ಮಧ್ಯವರ್ತಿ. ಆದರೆ ಯಾರ ದನಿಯೂ ಅದರ ಮೂಲಕ ಹಾಯುತ್ತಿರಲಿಲ್ಲ. ವಿಂಡೋಸ್ 2000ದೊಂದಿಗೆ ಬಂದ ಟಿಎಪಿಐ 3.0 ಇಂಟರ್‌ನೆಟ್ ಮೂಲಕವೇ ಧ್ವನಿ ಸಾಗಿಸುವುದನ್ನು ಸೇರಿಸಿಕೊಂಡಿತು. ಆಗಲೂ ಕರೆಯ ನಿಯಂತ್ರಣ ಒಂದು ಕಡೆ, ಧ್ವನಿಯ ಹರಿವು ಇನ್ನೊಂದು ಕಡೆ ಎಂಬ ವಿಂಗಡಣೆ ಉಳಿಯಿತು.

ನಮ್ಮ ಶುಕ್ರವಾರದ ಕರೆಯಲ್ಲಿ ತಪ್ಪಿದ್ದು ಇದೇ. ಅಜ್ಜಿಗೂ ಮೊಮ್ಮಗಳಿಗೂ ಸಂಪರ್ಕ ಕಲ್ಪಿಸುವುದು ನನ್ನ ಕೆಲಸ. ನಾನು ಅಷ್ಟಕ್ಕೆ ನಿಲ್ಲದೆ ಮಾತನ್ನೂ ನನ್ನ ಮೂಲಕವೇ ಹಾಯಿಸುತ್ತಿದ್ದೆ. ಅಮ್ಮನ ಕಿವಿಗೆ ಬೀಳುತ್ತಿದ್ದದ್ದು ನನ್ನ ಕನ್ನಡ, ಮಗಳ ಕಿವಿ ಕಾಯುತ್ತಿದ್ದದ್ದು ನನ್ನ ಇಂಗ್ಲಿಷ್. ಅವಳಿಗೆ ಅಜ್ಜಿಯ ಮಾತನ್ನು ಕೇಳಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ಹೇಗೂ ಅನುವಾದ ಬರುತ್ತದಲ್ಲ!

ಮುಂದಿನ ವಾರ ಬೇರೆ ರೀತಿ ಮಾಡಿದೆವು. ಪೂರ್ತಿ ನಂಬರನ್ನು ದೊಡ್ಡ ಅಂಕಿಗಳಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಮೂರು ಊರುಗಳಿಂದ ಆ ನಂಬರನ್ನು ಹೇಗೆ ಒತ್ತಬೇಕು ಎಂದು ಮಗಳೇ ಕಂಡುಹಿಡಿಯಬೇಕಿತ್ತು. ಒಮಾನಿನಲ್ಲಿ ಊರಿಗೊಂದು ಕೋಡ್ ಸೇರಿಸುವ ರಗಳೆಯಿಲ್ಲ, ಎಲ್ಲಿಂದ ಎಲ್ಲಿಗಾದರೂ ಎಂಟೇ ಅಂಕಿ. ಹಾಗಾಗಿ ಅವಳಿಗೆ ಇದು ಹೊಸ ಆಟ. ಒಂದೊಂದು ಅಂಕಿಯನ್ನೂ ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತಾ ಒತ್ತಿದಳು. "ಒಂಬತ್ತು, ಒಂದು, ಎಂಟು, ಎರಡು, ಒಂದು..." ರಿಂಗ್ ಆಗುತ್ತಿದ್ದಂತೆ ನಾನು ಬಟ್ಟೆ ಒಣಹಾಕುವ ನೆಪದಲ್ಲಿ ಬಾಲ್ಕನಿಗೆ ಹೋದೆ.

ಒಳಗಿನಿಂದ ಉದ್ದನೆಯ ಮೌನ. ಕಾಲು ಒಳಗೆ ಎಳೆಯುತ್ತಿತ್ತು, ಹೋಗಲಿಲ್ಲ. ಆಮೇಲೆ ಅಮ್ಮ ನಿನ್ನೆ ರಾತ್ರಿ ಊಟಕ್ಕೇನು ಎಂದು ಕೇಳಿರಬೇಕು. "ಅನ್ನ... ಮತ್ತೆ... ಯೆಲ್ಲೋ ಸಾರು" ಎಂದಳು ಮಗಳು. ಮತ್ತೆ ಮೌನ. "ಹಾಂ ಅಜ್ಜಿ, ಖಾರ ಇಲ್ಲ." ಇನ್ನೊಂದು ಮೌನ. "ತೊವ್ವೆ? ತೊವ್ವೆ!" ಎಂದು ನಕ್ಕಳು. ಆ ಪದ ಅವಳಿಗೆ ನನ್ನಿಂದ ಬಂದದ್ದಲ್ಲ. ನಮ್ಮ ಮನೆಯಲ್ಲಿ ನಾನೇ ಅದನ್ನು ದಾಲ್ ಎನ್ನತೊಡಗಿ ವರ್ಷಗಳಾಗಿವೆ.

ಆ ಕರೆ ನಾಲ್ಕು ನಿಮಿಷ ನಡೆಯಿತು. ಹಿಂದಿನ ಇಪ್ಪತ್ತು ನಿಮಿಷಕ್ಕೆ ಹೋಲಿಸಿದರೆ ಬಡ ಕರೆ, ಅರ್ಧ ಮೌನವೇ. ನಡುನಡುವೆ ಇಂಗ್ಲಿಷ್ ಪದಗಳಿದ್ದವು, ವ್ಯಾಕರಣ ಎಲ್ಲೆಲ್ಲೋ ಇತ್ತು. ಆದರೆ ಅಮ್ಮ ಸಂಜೆ ನನಗೆ ತಾವಾಗಿಯೇ ಫೋನ್ ಮಾಡಿ, "ಇವತ್ತು ಮಗು ಎಷ್ಟು ಮಾತಾಡ್ತು ಗೊತ್ತಾ?" ಎಂದರು.

ನೀವೂ ಮಾಡಿ ನೋಡಬಹುದು. ಅಜ್ಜಿ ತಾತಂದಿರ ನಂಬರನ್ನು ದೇಶದ ಕೋಡ್ ಸಮೇತ ಪೂರ್ತಿಯಾಗಿ ಬರೆದಿಡಿ, ಮಗುವಿಗೆ ಬಾಯಿಪಾಠವಾಗಲಿ. ಫೋಟೋ ಒತ್ತಿ ಕರೆ ಮಾಡುವ ಮಗುವಿಗೆ ಬೇರೆಯವರ ಫೋನು ಕೈಗೆ ಬಂದಾಗ ಯಾರ ನಂಬರೂ ಗೊತ್ತಿರುವುದಿಲ್ಲ. ಇಲ್ಲಿನ ತುರ್ತು ನಂಬರ್ 9999, ಊರಿನದು 112. ಅವನ್ನೂ ಅದೇ ಹಾಳೆಯಲ್ಲಿ ಬರೆಯಿರಿ, ನಿಮ್ಮ ನಂಬರನ್ನೂ ಸೇರಿಸಿ. ಕರೆಗೆ ಮೊದಲು ಮಗು ಹೇಳಬೇಕೆಂದಿರುವ ಒಂದೇ ಒಂದು ಸಂಗತಿಗೆ ಬೇಕಾದ ಎರಡು ಮೂರು ಪದ ಹೇಳಿಕೊಡಿ. ಊರಿನವರಿಗೂ ಮೊದಲೇ ಹೇಳಿರಿ: ನಿಧಾನವಾಗಿ ಕೇಳಿ, ಉತ್ತರ ಬರುವವರೆಗೆ ಕಾಯಿರಿ, ತಪ್ಪಿಗೆ ನಗಬೇಡಿ. ಮಗು ತೀರಾ ಚಿಕ್ಕದಾದರೆ ಹತ್ತಿರವೇ ಇರಿ, ಬಾಯಿ ಮಾತ್ರ ಹಾಕಬೇಡಿ.

ಕಷ್ಟವೆಂದರೆ ಆ ಮೌನ. ಅದನ್ನು ತುಂಬಲು ನಾಲಿಗೆ ತುರಿಸುತ್ತದೆ. ಎರಡು ಕಡೆಯವರೂ ನಮಗೆ ಬೇಕಾದವರು, ಒಬ್ಬರಿಗೂ ಮುಜುಗರವಾಗಬಾರದು ಎಂಬ ಆಸೆ ಸಹಜ. ಆದರೆ ಅಮ್ಮನಿಗೆ ಎಪ್ಪತ್ತೆಂಟು. ಅವರ ಮತ್ತು ಮೊಮ್ಮಗಳ ನಡುವೆ ಉಳಿಯುವ ಮಾತು ಇನ್ನೆಷ್ಟು ಶುಕ್ರವಾರಗಳದ್ದೋ, ಅದಷ್ಟೂ ಅವರಿಬ್ಬರದ್ದೇ ಆಗಿರಲಿ ಎಂದುಕೊಂಡು ನಾನು ಬಟ್ಟೆ ಒಣಹಾಕುತ್ತೇನೆ. ಈಗೀಗ ಒಣಹಾಕಲು ಬಟ್ಟೆ ಸಾಲುತ್ತಿಲ್ಲ.