ಸೋರುವ ಡಬ್ಬಿ ಯಾರದು?

ಒಂದು ಕಂಟೇನರ್ ಸೋರುತ್ತಿತ್ತು. ಒಳಗಿದ್ದದ್ದು ನೈಟ್ರಿಕ್ ಆಮ್ಲ. ಹಡಗಿನ ಹೆಸರು ಎಕ್ಸ್-ಪ್ರೆಸ್ ಪರ್ಲ್, ಕಾಲ 2021ರ ಮೇ. ಹಡಗಿನವರಿಗೆ ಗೊತ್ತಿರಲಿಲ್ಲವೇ? ಬೆಂಕಿ ಹತ್ತುವುದಕ್ಕೆ ಒಂದು ವಾರ ಮೊದಲೇ ಗೊತ್ತಿತ್ತು. ಕತಾರಿನ ಹಮದ್ ಬಂದರಿನಲ್ಲಿ ಇಳಿಸಿಕೊಳ್ಳಿ ಎಂದರು, ಆಗಲಿಲ್ಲ. ನಮ್ಮ ಗುಜರಾತಿನ ಹಜೀರಾದಲ್ಲಿ ಕೇಳಿದರು, ಅಲ್ಲೂ ಆಗಲಿಲ್ಲ. ತಕ್ಕ ಸೌಕರ್ಯವಿಲ್ಲ, ತಿಳಿದವರಿಲ್ಲ ಎಂಬ ಉತ್ತರ ಬಂತೆಂದು ಹಡಗಿನ ಕಂಪನಿಯೇ ಹೇಳಿತು.

ತುಂಬಿಸಲು ತಿಳಿದವರಿದ್ದರು. ಬಿಲ್ಲು ಬರೆಯಲು, ಬಾಡಿಗೆ ಎಣಿಸಲು, ಕ್ರೇನಿನಲ್ಲಿ ಎತ್ತಿಡಲು ಇದ್ದರು. ಸೋರುವುದನ್ನು ಇಳಿಸಿಕೊಳ್ಳಲು ಮಾತ್ರ ಆ ಎರಡು ಬಂದರಿನಲ್ಲೂ ಒಬ್ಬನೂ ಇಲ್ಲ! ಡಬ್ಬಿ ಸೋರುತ್ತಲೇ ಹಡಗು ಕೊಲಂಬೊಗೆ ಬಂತು. ಮೇ 20ಕ್ಕೆ ಹೊಗೆ, ಆಮೇಲೆ ಸ್ಫೋಟ, ಜೂನ್‌ನಲ್ಲಿ ಮುಳುಗಡೆ. ಅದರ ಹೊಟ್ಟೆಯಲ್ಲಿದ್ದ ಸುಮಾರು 1,680 ಟನ್ ಪ್ಲಾಸ್ಟಿಕ್ ಕಾಳು ಶ್ರೀಲಂಕಾದ ಪಡುವಣ ಕರಾವಳಿಯುದ್ದಕ್ಕೂ ಹಿಮದ ಹಾಗೆ ಬಿತ್ತು. ಸತ್ತ ಆಮೆಗಳು ದಡಕ್ಕೆ ಬಂದವು. ಆ ಕಾಳನ್ನು ಹಡಗು ಸಾಗಣೆಯ ನಿಯಮಪುಸ್ತಕ ಅಪಾಯದ ಸರಕೆಂದೇ ಎಣಿಸಿರಲಿಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೂ ಇಷ್ಟು ಧೈರ್ಯವಿರುವುದಿಲ್ಲ.

ನಾಲ್ಕು ವರ್ಷ ಕಳೆಯಿತು. ನಾವೇನು ಕಲಿತೆವು? 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಕೊಚ್ಚಿಯ ಹೊರಗೆ ಮುಳುಗಿತು. 640 ಕಂಟೇನರ್, ಅದರಲ್ಲಿ 13ರಲ್ಲಿ ಅಪಾಯದ ಸರಕು, 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್. ಮಾವಿನಕಾಯಿ ಹಣ್ಣು ಮಾಡಲು ಕದ್ದು ಬಳಸುತ್ತಾರಲ್ಲ, ವೆಲ್ಡಿಂಗ್ ಅಂಗಡಿಯಲ್ಲಿ ಗ್ಯಾಸ್ ಮಾಡಲು ತರುತ್ತಾರಲ್ಲ, ಅದೇ. ಅದಕ್ಕೆ ನೀರು ತಗುಲಿದರೆ ಸಾಕು, ಅಸಿಟಿಲೀನ್ ಎದ್ದು ಕಿಡಿಗಾಗಿ ಕಾಯುತ್ತದೆ. ನೀರು ಸೋಕಬಾರದ ವಸ್ತುವನ್ನು ನೀರಿನ ಮೇಲೆ ಒಯ್ಯುವವರು ಎಷ್ಟು ಎಚ್ಚರವಾಗಿರಬೇಕು? 1997ರಲ್ಲಿ ಕಟ್ಟಿದ ಹಡಗು, ಧ್ವಜ ಲೈಬೀರಿಯದ್ದು. ಎರಡು ವಾರ ತುಂಬಿತ್ತೋ ಇಲ್ಲವೋ, ವಾನ್ ಹೈ 503 ಎಂಬ ಇನ್ನೊಂದು ಹಡಗಿನಲ್ಲಿ ಸ್ಫೋಟ. 22 ಜನರಲ್ಲಿ ನಾಲ್ವರು ಕಾಣೆ. ಉಳಿದ 18 ಮಂದಿಯನ್ನು ನೌಕಾಪಡೆ ತಂದು ಇಳಿಸಿದ್ದು ನಮ್ಮ ನವ ಮಂಗಳೂರು ಬಂದರಿನಲ್ಲಿ. ಅವತ್ತಿಗಾದರೂ ನಮಗೆ ಇದು ಬೇರೆಯವರ ಸಮುದ್ರವಲ್ಲ ಅನ್ನಿಸಬೇಕಿತ್ತು.

ಸಮುದ್ರ ದೂರ ಅನ್ನುವವರು ರಸ್ತೆಯನ್ನು ನೋಡಲಿ. 2013ರ ಏಪ್ರಿಲ್ 9ರಂದು ಬಂಟ್ವಾಳದ ಪೆರ್ನೆಯಲ್ಲಿ ಬುಲೆಟ್ ಟ್ಯಾಂಕರ್ ಮಗುಚಿತು, ಗ್ಯಾಸ್ ಹರಡಿ ಬೆಂಕಿಯಾಯಿತು, ರಸ್ತೆ ಬದಿಯ ಮನೆಯವರೂ ಸುಟ್ಟು ಸತ್ತರು. ಮೋಟಾರು ವಾಹನ ನಿಯಮ ಹೇಳುವುದೇನು? ಕಳಿಸುವವನು ಸರಕಿನ ಅಪಾಯವನ್ನು ಪೂರ್ತಿ ತಿಳಿಸಬೇಕು, ಆ ಕಾಗದ ಡ್ರೈವರ್ ಕ್ಯಾಬಿನ್ನಿನಲ್ಲಿರಬೇಕು, ಗಾಡಿಯ ಮೂರು ಕಡೆ ಎಚ್ಚರಿಕೆ ಫಲಕವಿರಬೇಕು. ಇರುತ್ತದೆ, ಧೂಳು ಹಿಡಿದು, ಇಂಗ್ಲಿಷಿನಲ್ಲಿ, ನಾಲ್ಕು ಅಂಕಿಯೊಂದಿಗೆ. ಟ್ಯಾಂಕರ್ ಮಗುಚಿದಾಗ ಮೊದಲು ಓಡಿ ಬರುವವರು ಕೊಡಪಾನ ಹಿಡಿದ ಹಳ್ಳಿಯವರು. ಆ ನಾಲ್ಕು ಅಂಕಿಯಲ್ಲಿ ಇದಕ್ಕೆ ನೀರು ಸುರಿಯಬಹುದೇ, ಬಾರದೇ ಎಂಬುದು ಅಡಗಿದೆ ಅಂತ ಅವರಿಗೆ ಯಾವ ಸರ್ಕಾರ ಹೇಳಿದೆ?

ಕಾರ್ಖಾನೆಯವ ಲಾರಿಯವನ ಕಡೆ ಕೈ ತೋರಿಸುತ್ತಾನೆ, ಲಾರಿಯವ ಯಾರ್ಡಿನ ಕಡೆ, ಯಾರ್ಡಿನವ ಹಡಗಿನ ಕಡೆ, ಹಡಗಿನವ ವಿಮೆಯ ಕಡೆ. ಡಬ್ಬಿ ಕೈ ಬದಲಿಸುತ್ತದೆ, ಹೊಣೆ ಮಾತ್ರ ಯಾವ ಕೈಗೂ ಬರುವುದಿಲ್ಲ. ಇದನ್ನು ಅಪಘಾತ ಅನ್ನಬೇಡಿ. ಹತ್ತು ಕಡೆ ಸಹಿಯಾಗಿ, ಮೊಹರು ಬಿದ್ದು ಬಂದದ್ದಕ್ಕೆ ಆ ಹೆಸರು ಹೊಂದುವುದಿಲ್ಲ.

ಎಲ್ಸಾ ಮುಳುಗಿದ ಮೇಲೆ ಮೀನು ಹಿಡಿಯಲು ತಡೆ ಬಿತ್ತು, ಕೊಳ್ಳುವವರೂ ಹಿಂಜರಿದರು. ಕೇರಳದಲ್ಲಿ ಬಾಧಿತ ಮೀನುಗಾರ ಕುಟುಂಬಕ್ಕೆ ಸಿಕ್ಕ ತುರ್ತು ನೆರವು 1,000 ರೂಪಾಯಿ, ಆರು ಕಿಲೋ ಅಕ್ಕಿ. ಅದೇ ಹೊತ್ತಿಗೆ ತಿರುವನಂತಪುರದ ದಂಡೆಯಲ್ಲಿ ಜನ ಜರಡಿ ಹಿಡಿದು, ಆ ಹಡಗಿನಿಂದ ಚೆಲ್ಲಿದ ಪ್ಲಾಸ್ಟಿಕ್ ಕಾಳನ್ನು ಮರಳಿನಿಂದ ಹೆಕ್ಕುತ್ತಿದ್ದರು. ಅದೂ ಬಿಳಿ, ಅದೂ ಸಣ್ಣದು, ದೂರದಿಂದ ನೋಡಿದರೆ ಅಕ್ಕಿಯ ಹಾಗೆಯೇ.